ಇದೆಲ್ಲ ನಿಜವಾಗ್ಲೂ ನಡೆದಿದ್ದಾ ಮೇಡಂ?

ಮಕ್ಕಳಿಗೆ ಇತಿಹಾಸದ ಕಾದಂಬರಿ ಬರೀತೀನಿ ಅಂತ ಯಾವ ಶಾಲೆಗೆ ಹೋದರೂ ಮೊದಲು ಬರುವ ಪ್ರಶ್ನೆ ಇದು. ದೊಡ್ಡವರೂ ಕೇಳುತ್ತಾರೆ, ಸ್ವಲ್ಪ ಅನುಮಾನ ಬೆರೆಸಿ: "ನಿಜ ಎಷ್ಟು, ನೀವು ಸೇರಿಸಿದ್ದು ಎಷ್ಟು?" ಅರ್ಧ ಅರ್ಧ ಅಂದು ಜಾರಿಕೊಳ್ಳಬಹುದು. ಆದರೆ ಲೆಕ್ಕ ಹಾಗಿಲ್ಲ.

ನನ್ನ ಕಾದಂಬರಿ ಕೃಷ್ಣದೇವರಾಯನ ಕಾಲದ್ದು. ಕಥೆ ಹೇಳುವವನು ಹತ್ತು ವರ್ಷದ ಹುಡುಗ. ಅವನ ಅಪ್ಪ ಅಮ್ಮ ಕೆರೆ ಕಟ್ಟುವಲ್ಲಿ ಮಣ್ಣು ಹೊರುತ್ತಾರೆ. ಹುಡುಗ ನನ್ನ ಕಲ್ಪನೆ, ಕೆರೆ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆ ಕೆಲಸ ನಡೆಯುವುದನ್ನು ಕಣ್ಣಾರೆ ನೋಡಿದ್ದ. 15-20 ಸಾವಿರ ಜನ ಇರುವೆಗಳ ಹಾಗೆ ದುಡಿಯುತ್ತಿದ್ದರು, ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂದು ಬರೆದಿದ್ದಾನೆ. ಹೊಸಪೇಟೆ ಪಕ್ಕದ ರಾಯರ ಕೆರೆ ಅದೇ ಎಂದು ಗುರುತಿಸುತ್ತಾರೆ. ಅಷ್ಟು ಜನ ಅಂದ್ಮೇಲೆ ಜೊತೆಗೆ ಮಕ್ಕಳೂ ಇರಲೇಬೇಕು, ಅಲ್ವಾ? ಪಾಯೆಸ್ ಅವರ ಸುದ್ದಿಗೇ ಹೋಗಲಿಲ್ಲ. ನನ್ನ ಹುಡುಗನಿಗೆ ಜಾಗ ಸಿಕ್ಕಿದ್ದು ಅಲ್ಲೇ.

ತಮಾಷೆ ಏನಂದ್ರೆ, ಮಕ್ಕಳು ಈ ಹುಡುಗನನ್ನು ಪೂರ್ತಿ ನಂಬುತ್ತಾರೆ. ನಂಬದೆ ಇರುವುದು ರಾಜನನ್ನು. ರಾಯ ದಿನಾ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೂ ಬಳಿದುಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ ಮಣ್ಣಿನ ಭಾರ ಎತ್ತುತ್ತಿದ್ದ. ಆಮೇಲೆ ಕುಡಿದ ಎಣ್ಣೆ ಬೆವರಾಗಿ ಇಳಿಯುವ ತನಕ ಕತ್ತಿ ಬೀಸಿ, ಪೈಲ್ವಾನರ ಜೊತೆ ಕುಸ್ತಿಗೆ ಇಳಿಯುತ್ತಿದ್ದ. ಇದನ್ನು ಓದಿದ ತಕ್ಷಣ ಕ್ಲಾಸಿನಲ್ಲಿ ಗಲಾಟೆ. "ಎಣ್ಣೆ ಕುಡೀತಿದ್ನಾ? ಹೋಗಿ ಮೇಡಂ, ಇದು ನೀವೇ ಸೇರಿಸಿದ್ದು!" ಅದರಲ್ಲಿ ನನ್ನದು ಒಂದಕ್ಷರವೂ ಇಲ್ಲ, ಎಲ್ಲ ಪಾಯೆಸ್ ಬರೆದದ್ದೇ. ರಾಯನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು ಅಂತಲೂ ಅವನೇ ಹೇಳುತ್ತಾನೆ. ಸಿನಿಮಾದ ರಾಯನನ್ನು ನೋಡಿದ ಮಕ್ಕಳಿಗೆ ಇದು ಸುಲಭವಾಗಿ ಇಳಿಯುವುದಿಲ್ಲ. ನನಗಂತೂ ಆ ಕಲೆಗಳಿಂದಲೇ ಅವನು ಮನುಷ್ಯನಾಗಿ ಕಂಡದ್ದು.

ದಾಖಲೆಯಲ್ಲಿ ಇರುವುದನ್ನು ಬಳಸುವುದು ಅಷ್ಟೇನೂ ಕಷ್ಟವಲ್ಲ. ಆ ಕಾಲಕ್ಕೆ ಇಲ್ಲದ್ದು ಒಳಗೆ ನುಸುಳದ ಹಾಗೆ ಕಾಯುವುದೇ ಜಾಸ್ತಿ ಕೆಲಸ, ಅದರಲ್ಲೂ ಅಡುಗೆಮನೆಯಲ್ಲಿ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಶೇಂಗಾ, ಎಲ್ಲ ಮೂಲತಃ ಅಮೆರಿಕ ಖಂಡದವು. ನಮ್ಮ ಕಡೆಗೆ ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 1520ರಲ್ಲಿ ಮಣ್ಣು ಹೊರುವವರ ಒಲೆಯ ತನಕ ಅದು ತಲುಪಿತ್ತು ಅನ್ನೋಕೆ ಆಧಾರ ಇಲ್ಲ. ಹಾಗಾಗಿ ನನ್ನ ಹುಡುಗ ಜೋಳದ ರೊಟ್ಟಿ ತಿನ್ನುತ್ತಾನೆ, ಕಾಳುಮೆಣಸು ಕುಟ್ಟಿ ಹಾಕಿದ ಹುರುಳಿ ಸಾರು ಸುರಿಯುತ್ತಾನೆ, ಬದನೆಕಾಯಿ ಸುಟ್ಟುಕೊಳ್ಳುತ್ತಾನೆ. ಇದನ್ನು ಹೇಳಿದಾಗ ಹೊಸಪೇಟೆ ಕಡೆಯ ಒಂದು ಹುಡುಗಿ ನನ್ನನ್ನೇ ಕನಿಕರದಿಂದ ನೋಡಿದಳು: "ಮಿರ್ಚಿ ಇಲ್ದೆ ಮಂಡಕ್ಕಿ ಹೆಂಗ್ ತಿಂತಿದ್ರು ಮೇಡಂ?" ಯಾವ ವಿಮರ್ಶಕರೂ ನನಗೆ ಇಂಥ ಪ್ರಶ್ನೆ ಕೇಳಿಲ್ಲ. ದೊಡ್ಡವರು ಕೇಳುವುದು, ತೆನಾಲಿ ರಾಮ ಯಾಕಿಲ್ಲ ಅಂತ. ಅವನ ಕಥೆಗಳು ಬಾಯಿಂದ ಬಾಯಿಗೆ ಬಂದವು, ಓದೋಕೆ ಚೆಂದ, ಅಷ್ಟೇ.

ಇನ್ನೊಂದು ಪ್ರಶ್ನೆ ಅಪ್ಪ ಅಮ್ಮಂದಿರದ್ದು: "ನಿಜ ಅಂತ ಎಲ್ಲವನ್ನೂ ಹೇಳ್ತೀರಾ?" ಈ ಕೆರೆ ಕಟ್ಟುವಾಗ ಎರಡು ಮೂರು ಸಲ ಒಡೆಯಿತು. ಬಲಿ ಬೇಕು ಎಂದು ಪುರೋಹಿತರು ಹೇಳಿದರು, ರಾಯ 60 ಜನರ ತಲೆ ತೆಗೆಸಿದ, ಕುದುರೆ ಕೋಣಗಳನ್ನೂ ಕಡಿಸಿದ ಎಂದು ಪಾಯೆಸ್ ಬರೆಯುತ್ತಾನೆ. ಅವರು ಮರಣದಂಡನೆಗೆ ತಕ್ಕ ಕೈದಿಗಳು ಅನ್ನುತ್ತಾನೆ ಕೆಲವು ವರ್ಷಗಳ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್. ಕೆಲವರು ಈ ಭಾಗ ತೆಗೆದುಬಿಡಿ ಅಂದರು. ನಾನು ಒಪ್ಪಲಿಲ್ಲ. ರಕ್ತದ ವರ್ಣನೆ ಇಲ್ಲ. ರಾತ್ರಿ ಗುಡಿಸಲಲ್ಲಿ ದೊಡ್ಡವರು ಪಿಸುಗುಡುವುದು ಹುಡುಗನ ಕಿವಿಗೆ ಬೀಳುತ್ತದೆ, ಬೆಳಿಗ್ಗೆ ಅವನು ಅಪ್ಪನ ಕೈ ಬಿಡುವುದಿಲ್ಲ. ಒಡ್ಡಿನ ಉದ್ದ ಅಗಲ ಹೇಳಿ, ರಾಯನನ್ನು ಹೊಗಳಿ, ಇದನ್ನು ಮಾತ್ರ ಮುಚ್ಚಿಟ್ಟರೆ ಅದು ಮಕ್ಕಳಿಗೆ ಮಾಡುವ ಮೋಸ. ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇದೆ. ನೂನಿಜ್ ಮಾತು ಕೇಳಿದ ಮೇಲೂ ಒಬ್ಬ ಕೇಳಿದ: "ಕೈದಿ ಆದ್ರೆ ಪರವಾಗಿಲ್ವಾ?" ಆವತ್ತು ಕ್ಲಾಸ್ ಮುಗಿಯುವ ತನಕ ಅದೇ ಚರ್ಚೆ.

ಪುಸ್ತಕದ ಕೊನೆಗೆ ಎರಡು ಪುಟ ಹಾಕಿದ್ದೀನಿ: ಯಾವುದು ದಾಖಲೆಯಲ್ಲಿದೆ, ಯಾವುದು ನನ್ನ ಕಲ್ಪನೆ. ಯಾರೂ ಓದಲ್ಲ ಅಂದಿದ್ದರು. ಎಷ್ಟೋ ಮಕ್ಕಳು ಅದನ್ನೇ ಮೊದಲು ತಿರುವಿ ಹಾಕುತ್ತಾರೆ. ಹುಡುಗ ಕಲ್ಪನೆ ಎಂದು ಅಲ್ಲಿ ಬರೆದಿದ್ದರೂ, ಅದನ್ನು ಓದಿಯೇ ಒಬ್ಬಳು ಪೋಸ್ಟ್ ಕಾರ್ಡಿನಲ್ಲಿ ಲೆಕ್ಕ ಹಾಕಿ ಕಳಿಸಿದ್ದಾಳೆ: "1520ರಲ್ಲಿ ಹತ್ತು ಅಂದರೆ 1565ರ ಯುದ್ಧದ ಹೊತ್ತಿಗೆ ಅವನಿಗೆ 55. ಊರು ಹಾಳಾದಾಗ ಅವನು ಎಲ್ಲಿಗೆ ಹೋದ?"

ಆ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ, ರಾಮರಾಯನ ತಮ್ಮ ತಿರುಮಲ ಖಜಾನೆ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯ ಕಡೆ ಹೊರಟದ್ದು ಇತಿಹಾಸದಲ್ಲಿದೆ. ಮಣ್ಣು ಹೊತ್ತವರ ಮಗ ಯಾವ ದಾರಿ ಹಿಡಿದ ಅನ್ನೋದು ಇಲ್ಲ. ಸದ್ಯಕ್ಕೆ ಅವನನ್ನು ಕೆರೆಯ ಒಡ್ಡಿನ ಮೇಲೆ ನಿಲ್ಲಿಸಿದ್ದೀನಿ, ಮೊಮ್ಮಗಳ ಜೊತೆ. ಮುಂದಿನ ಅಧ್ಯಾಯ ಇನ್ನೂ ಬರೆಯಬೇಕು.