ಕಿಮಾಥಿ ಬೀದಿಯಿಂದ ನ್ಯೇರಿಗೆ

ನೈರೋಬಿಯ ನಡುಮಧ್ಯೆ, ಕಿಮಾಥಿ ಬೀದಿಯಲ್ಲಿ, ಕಂಚಿನ ಡೆಡಾನ್ ಕಿಮಾಥಿ ನಿಂತಿದ್ದಾನೆ. ಬಲಗೈಯಲ್ಲಿ ಬಂದೂಕು, ಎಡಗೈಯಲ್ಲಿ ಕಠಾರಿ, ಜಡೆಗಟ್ಟಿದ ಕೂದಲು, ಮೈಮೇಲೆ ಸೈನಿಕರ ದಿರಿಸು. ಸುತ್ತ ಬ್ಯಾಂಕು, ಹೋಟೆಲು, ಕಾಫಿ ಅಂಗಡಿ. ಜನ ಫೋನಲ್ಲಿ ಮಾತಾಡುತ್ತಾ ಅವನನ್ನು ಬಳಸಿಕೊಂಡು ಹೋಗುತ್ತಾರೆ.

ಮೌ ಮೌ ಅಂದ್ರೆ 1950ರ ದಶಕದಲ್ಲಿ ಕೆನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಸಶಸ್ತ್ರ ದಂಗೆ. ಅದರ ಈ ನಾಯಕನನ್ನು ಬ್ರಿಟಿಷರು 1957ರ ಫೆಬ್ರವರಿ 18ರಂದು ಗಲ್ಲಿಗೇರಿಸಿದರು. ಕೊಲೆ ಆರೋಪಕ್ಕಲ್ಲ, ರಿವಾಲ್ವರ್ ಮತ್ತು ಗುಂಡು ಇಟ್ಟುಕೊಂಡಿದ್ದ ಅನ್ನೋದಕ್ಕೆ. ಪ್ರತಿಮೆ ನಿಂತದ್ದು ಸರಿಯಾಗಿ 50 ವರ್ಷದ ಮೇಲೆ, 2007ರಲ್ಲಿ. ಕೆನ್ಯಾ ಸ್ವತಂತ್ರವಾದದ್ದು 1963ರಲ್ಲಿ ಅಲ್ವಾ? ಹಾಗಾದರೆ ಇಷ್ಟು ತಡ ಯಾಕೆ? ತಮಾಷೆ ಏನಂದ್ರೆ, ಬೀದಿಗೆ ಕಿಮಾಥಿಯ ಹೆಸರು ಮೊದಲೇ ಬಂದಿತ್ತು. ಆದರೆ ಮೌ ಮೌ ಮೇಲೆ ಬ್ರಿಟಿಷರು 1950ರಲ್ಲಿ ಹೇರಿದ ನಿಷೇಧವನ್ನು ಸ್ವತಂತ್ರ ಕೆನ್ಯಾ ತೆಗೆದುಹಾಕಿದ್ದು 2003ರಲ್ಲಿ!

ಅಲ್ಲಿಂದ ಸ್ವಲ್ಪ ನಡೆದರೆ ಕೆನ್ಯಾಟಾ ಸಮಾವೇಶ ಕೇಂದ್ರ. ಅದರ ಅಂಗಳದಲ್ಲಿ ಮೊದಲ ಅಧ್ಯಕ್ಷ ಜೋಮೊ ಕೆನ್ಯಾಟಾ ಕುರ್ಚಿ ಮೇಲೆ ಕೂತಿದ್ದಾನೆ. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಕೂತಿದ್ದಾನೆ. ಕೆನ್ಯಾದ ರಾಜಕೀಯ ನನಗೆ ಅರ್ಥವಾಗತೊಡಗಿದ್ದು ಇಲ್ಲೇ. ಕೆನ್ಯಾಟಾ 1952ರಲ್ಲಿ ಮೌ ಮೌವನ್ನು ಬಹಿರಂಗವಾಗಿಯೇ ಖಂಡಿಸಿದ್ದ. ಆದರೂ ಅದೇ ವರ್ಷ ತುರ್ತು ಪರಿಸ್ಥಿತಿ ಹೇರಿದ ಬ್ರಿಟಿಷರು, ಇವನೇ ಸೂತ್ರಧಾರ ಅಂತ ಹಿಡಿದು 7 ವರ್ಷ ಶಿಕ್ಷೆ ಕೊಡಿಸಿದರು. ಆ ಜೈಲೇ ಅವನನ್ನು ರಾಷ್ಟ್ರಪಿತ ಮಾಡಿತು. ಅಧಿಕಾರಕ್ಕೆ ಬಂದ ಮೇಲೆ ಅವನ ಮಾತು ಒಂದೇ: ಎಲ್ಲರೂ ಹೋರಾಡಿದ್ದೇವೆ, ಹಳೆಯದನ್ನು ಮರೆಯೋಣ. ಮೇಲ್ನೋಟಕ್ಕೆ ಒಳ್ಳೆಯ ಮಾತು. ಆದರೆ ಮರೆತರೆ ಲಾಭ ಯಾರಿಗೆ ಅಂತಲೂ ಕೇಳಬೇಕಲ್ಲ.

ಉಹುರು ಪಾರ್ಕಿನಲ್ಲಿ 2015ರ ಸ್ಮಾರಕ ನೋಡಿದೆ. ವಸಾಹತು ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದವರ ನೆನಪಿಗೆ, ಬ್ರಿಟಿಷ್ ಸರ್ಕಾರದ್ದೇ ದುಡ್ಡಿನಲ್ಲಿ ಕಟ್ಟಿದ್ದು. ಒಬ್ಬ ಹೆಂಗಸು ಕಾಡಿನ ಹೋರಾಟಗಾರನಿಗೆ ಊಟ ಕೊಡುತ್ತಿದ್ದಾಳೆ. ಇಬ್ಬರೂ ಮುಖ ತಿರುಗಿಸಿಕೊಂಡಿದ್ದಾರೆ. ನಾಳೆ ಸಿಕ್ಕಿಬಿದ್ದು ಹೊಡೆತ ತಿಂದರೂ, ಯಾರು ಕೊಟ್ಟರು, ಯಾರಿಗೆ ಕೊಟ್ಟೆ ಅಂತ ಹೇಳೋಕೆ ಗೊತ್ತಿರಬಾರದು, ಅದಕ್ಕೆ. ಆ ಎರಡು ಮುಖಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಇದಕ್ಕೂ ಮೊದಲು, 2013ರಲ್ಲಿ, ಲಂಡನ್ನಿನಲ್ಲಿ ಕೇಸು ಹಾಕಿದ್ದ ಮುದುಕರೂ ಸೇರಿ 5,228 ಮಂದಿಗೆ ಬ್ರಿಟನ್ 1.99 ಕೋಟಿ ಪೌಂಡ್ ಕೊಡಲು ಒಪ್ಪಿತ್ತು.

ಮಾರನೇ ದಿನ ಕಾರಿನಲ್ಲಿ ಉತ್ತರಕ್ಕೆ, ಕಿಮಾಥಿಯ ಸೀಮೆ ನ್ಯೇರಿಗೆ. ಊರು ಹತ್ತಿರವಾದಂತೆ ಗುಡ್ಡಗಳ ತುಂಬ ಟೀ, ಕಾಫಿ. ಕೆಂಪು ಮಣ್ಣು ಎಷ್ಟು ಫಲವತ್ತು ಅಂದ್ರೆ, ಜಗಳ ಯಾಕೆ ಆಯ್ತು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಎತ್ತರದ ಒಳ್ಳೆಯ ನೆಲವನ್ನೆಲ್ಲ ಬಿಳಿಯರಿಗೆ ಅಂತಲೇ ಮೀಸಲಿಟ್ಟಿದ್ದರು. ಹೋರಾಟಗಾರರು ತಮ್ಮನ್ನು ನೆಲ ಮತ್ತು ಸ್ವಾತಂತ್ರ್ಯದ ಸೇನೆ ಅಂತ ಕರೆದುಕೊಂಡರು. ಮೊದಲು ಬಂದ ಪದ ನೆಲ.

"ತಾತ ಕ್ಯಾಂಪಿನಿಂದ ಬರುವಷ್ಟರಲ್ಲಿ ಜಮೀನು ಬೇರೆಯವರ ಹೆಸರಿಗೆ ಆಗಿಹೋಗಿತ್ತು" ಅಂದರು ಡ್ರೈವರ್. ಗೇರ್ ಬದಲಿಸುತ್ತಾ, ಸುಮ್ನೆ ಹವಾಮಾನದ ಮಾತಿನ ಹಾಗೆ. ಇದು ಒಂದೆರಡು ಮನೆಯ ಕಥೆ ಅಲ್ಲ. ಸಾವಿರಾರು ಜನ ಕಾಡಿನಲ್ಲೋ ಬಂಧನ ಶಿಬಿರದಲ್ಲೋ ಇದ್ದಾಗಲೇ ಜಮೀನು ಒಟ್ಟುಗೂಡಿಸಿ ಹಕ್ಕುಪತ್ರ ಕೊಡುವ ಕೆಲಸ ನಡೆಯಿತು. ಬ್ರಿಟಿಷರ ಪರ ನಿಂತ ಹೋಂ ಗಾರ್ಡುಗಳಿಗೆ ಜಾಸ್ತಿ ಸಿಕ್ಕಿತು. 1957ರ ಚುನಾವಣೆಯಲ್ಲಿ ಕಿಕುಯು ಜನ, ಅಂದ್ರೆ ದಂಗೆಯಲ್ಲಿ ಹೆಚ್ಚಾಗಿದ್ದ ಕಿಮಾಥಿಯದೇ ಸಮುದಾಯದವರು, ಓಟು ಹಾಕಬೇಕಾದರೆ ನಿಷ್ಠೆಯ ಸರ್ಟಿಫಿಕೇಟ್ ಬೇಕಿತ್ತು. ಸ್ವಾತಂತ್ರ್ಯದ ಮೇಲೆ ಬಿಳಿಯರ ತೋಟಗಳನ್ನು ಹಂಚಿದರು ನಿಜ, ಆದರೆ ಪುಕ್ಕಟೆ ಅಲ್ಲ, ಸಾಲ ತೀರಿಸುವ ಕರಾರಿನ ಮೇಲೆ. ಶಿಬಿರದಲ್ಲಿ ವರ್ಷಗಳನ್ನು ಕಳೆದಿದ್ದ ಜೆ.ಎಂ. ಕರಿಯುಕಿ ಸಂಸದನಾಗಿ ಇದನ್ನೇ ಎತ್ತಿ ಮಾತಾಡಿದ. 1975ರಲ್ಲಿ ಅವನ ಕೊಲೆಯಾಯಿತು.

ಬಂಡುಕೋರ ಸತ್ತಮೇಲೆ ಸರ್ಕಾರಕ್ಕೆ ಬಲು ಅನುಕೂಲ. ಪ್ರತಿಮೆ ಜಮೀನು ಕೇಳುವುದಿಲ್ಲ. ಆದರೆ ಹೆಂಡತಿ ಕೇಳುತ್ತಾರೆ. ಮುಕಾಮಿ ಕಿಮಾಥಿ ಗಂಡನ ಅಸ್ಥಿ ಹುಡುಕಿಕೊಡಿ ಅಂತ ದಶಕಗಟ್ಟಲೆ ಕೇಳಿದರು. 1990ರಲ್ಲಿ ನೈರೋಬಿಗೆ ಬಂದ ಮಂಡೇಲಾ ಕೂಡ ಕಿಮಾಥಿಯ ಸಮಾಧಿಯ ಬಗ್ಗೆ ವಿಚಾರಿಸಿದ್ದರು. ಗಲ್ಲಿಗೇರಿಸಿದ ಕಾಮಿಟಿ ಎಂಬ ಜೈಲಿನ ಆವರಣದಲ್ಲಿ ಎಲ್ಲೋ ಗುರುತಿಲ್ಲದ ಗುಂಡಿ. ಮುಕಾಮಿ 2023ರಲ್ಲಿ ತೀರಿಕೊಂಡರು, ಅಸ್ಥಿ ಸಿಗಲೇ ಇಲ್ಲ.

ವಾಪಸ್ ಬಂದು ಬಾಡಿಗೆ ಎಣಿಸುವಾಗ ಡ್ರೈವರ್ ಒಂದು ನೋಟು ತಿರುಗಿಸಿ ತೋರಿಸಿದರು. ದುಡ್ಡಿನ ಮೇಲೆ ಯಾವ ವ್ಯಕ್ತಿಯ ಭಾವಚಿತ್ರವೂ ಇರಬಾರದು ಅಂತ 2010ರ ಸಂವಿಧಾನ ಹೇಳುತ್ತದೆ. 2019ರ ಹೊಸ ನೋಟುಗಳಲ್ಲಿ ಸಮಾವೇಶ ಕೇಂದ್ರದ ಕಟ್ಟಡ ಹಾಕಿದರು. ಕಟ್ಟಡದ ಮುಂದೆ ಅದೇ ಪ್ರತಿಮೆ, ಕುರ್ಚಿ ಸಮೇತ. ವಿಷಯ ಕೋರ್ಟಿಗೂ ಹೋಯಿತು. "ಕಟ್ಟಡದ ಚಿತ್ರ ಅಷ್ಟೇ" ಅಂತ ಹೇಳಿ, ಡ್ರೈವರ್ ಜೋರಾಗಿ ನಕ್ಕು ನೋಟು ಜೇಬಿಗಿಟ್ಟರು.