ಮಾಫುಶಿಯ ಗೆಸ್ಟ್‌ಹೌಸ್‌ಗಳು

ಮಾಲ್ಡೀವ್ಸ್ ಅಂದರೆ ಎಲ್ಲರೂ ನೀರಿನ ಮೇಲಿನ ದುಬಾರಿ ರೆಸಾರ್ಟ್ ಫೋಟೋನೇ ಹಾಕುತ್ತಾರೆ. ನನಗೆ ಹಿಡಿಸಿದ್ದು ಮಾಫುಶಿ, ಜನ ಮನೆಮಾಡಿಕೊಂಡಿರುವ ದ್ವೀಪ. ಗೆಸ್ಟ್‌ಹೌಸ್‌ನಲ್ಲಿ ಬೆಳಗ್ಗೆ ಬಿಸಿ ರೊಶಿ (ಅಲ್ಲಿನ ಚಪಾತಿ), ಜೊತೆಗೆ ಮಸ್ ಹುನಿ. ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ಮೇಲೆ ಹಿಂಡಿದ ನಿಂಬೆ. ಎಷ್ಟು ರುಚಿ ಅಂತೀರಿ!

ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ಶುರುವಾಗಿದ್ದು 1972ರಲ್ಲಿ. ಆಮೇಲೆ ಬಹಳ ವರ್ಷ ಪ್ರವಾಸಿಗರನ್ನು ಜನವಸತಿ ಇಲ್ಲದ ದ್ವೀಪಗಳಲ್ಲೇ ಉಳಿಸುವುದು ಸರ್ಕಾರದ ನೀತಿಯಾಗಿತ್ತು. ದೇಶಕ್ಕೆ ಡಾಲರ್ ಬಂತು, ಊರಿನ ಅಂಗಡಿಗೆ ಬಂದದ್ದು ಕಡಿಮೆ. 2009-10ರ ಹೊತ್ತಿಗೆ ನಿಯಮ ಸಡಿಲವಾಗಿ, ಜನ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿತು. ಊರಿನವರೇ ರೂಮು ಕಟ್ಟಿದರು, ದೋಣಿ ಬಾಡಿಗೆಗೆ ಬಿಟ್ಟರು, ಹೋಟೆಲ್ ತೆರೆದರು. ಒಂದು ಅನುಮತಿ ಇಷ್ಟೆಲ್ಲ ಮಾಡಿತು.

2025ರ ಜನವರಿಯಿಂದ ಗ್ರೀನ್ ಟ್ಯಾಕ್ಸ್, ಅಂದರೆ ಪ್ರವಾಸಿಗರು ಕಟ್ಟುವ ಪರಿಸರ ತೆರಿಗೆ, ಡಬಲ್ ಆಗಿದೆ. ರೆಸಾರ್ಟ್‌ನಲ್ಲಿ ದಿನಕ್ಕೆ ತಲೆಗೆ 6 ಡಾಲರ್ ಇದ್ದದ್ದು 12, ಸಣ್ಣ ಗೆಸ್ಟ್‌ಹೌಸ್‌ನಲ್ಲಿ 3 ಇದ್ದದ್ದು 6. ರೆಸಾರ್ಟ್ ಗಿರಾಕಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ದುಡ್ಡು ಕೂಡಿಸಿಟ್ಟು ಬರುವ ನಾಲ್ಕು ಜನರ ಕುಟುಂಬಕ್ಕೆ ದಿನಕ್ಕೆ 24 ಡಾಲರ್ ಭಾರವೇ ಅಲ್ವಾ? ಕಸ, ಕೊಳಚೆ ನೀರಿನ ಕೆಲಸಕ್ಕೆ ಹಣ ಬೇಕು, ಖಂಡಿತ ಬೇಕು. ಆದರೆ ಏರಿಸುವುದಿದ್ದರೆ ರೆಸಾರ್ಟ್‌ಗಳಿಗೆ ಇನ್ನೂ ಜಾಸ್ತಿ ಏರಿಸಿ, ಈ ಸಣ್ಣವರನ್ನು ಹಳೇ ದರದಲ್ಲೇ ಬಿಡಬಹುದಿತ್ತು.