ಕಪ್ಪು ಕಾರು ಒರೆಸುವ ಪ್ರಯೋಗ: ಐದು ವಾಶ್‌ಗಳ ದಾಖಲೆ

ತೊಳೆಯುವಾಗ ಪೇಂಟ್ ಮೇಲೆ ಶಾಂಪೂ ನೊರೆ ಇರುತ್ತದೆ, ಕೈಗವಸು ಜಾರುತ್ತದೆ. ಒರೆಸುವ ಹೊತ್ತಿಗೆ ಆ ಜಾರಿಕೆ ಇರುವುದಿಲ್ಲ. ಎಲ್ಲೋ ಉಳಿದ ಒಂದು ಮಣ್ಣಿನ ಕಣ ಬಟ್ಟೆಗೆ ಸಿಕ್ಕಿದರೆ ಬಾನೆಟ್ ಉದ್ದಕ್ಕೂ ಗೀರು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಯಾವ ಟವೆಲ್ ಎಷ್ಟು ನೀರು ಹೀರುತ್ತದೆ ಎನ್ನುವುದರ ಜೊತೆಗೆ, ಟವೆಲ್ ಪೇಂಟ್ ಮೇಲೆ ಎಷ್ಟು ಕಡಿಮೆ ಓಡಾಡಿತು ಎನ್ನುವುದನ್ನೂ ಇಲ್ಲಿ ಗಮನಿಸಿದೆ. ಕಾರು, ನಲ್ಲಿ, ಶಾಂಪೂ ಪ್ರತಿಸಲವೂ ಅವೇ. ಪೇಂಟ್ ಮೇಲೆ ವ್ಯಾಕ್ಸ್ ಇದೆ, ನೀರು ಗಡಸು. ಕಪ್ಪು ಬಣ್ಣದ ಮೇಲೆ ಗೀರು, ಕಲೆ ಎರಡೂ ತಕ್ಷಣ ಕಾಣುತ್ತವೆ. ಬಿಳಿ ಕಾರಿನಲ್ಲಿ ಇದೇ ಪ್ರಯೋಗ ಮಾಡಿದರೆ ಅರ್ಧ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ತಯಾರಿ

ತೆಗೆದುಕೊಂಡದ್ದು ಮೂರು. 50×80 ಸೆಂ.ಮೀ. ಅಳತೆಯ, 1200 ಜಿಎಸ್‌ಎಂ ಟ್ವಿಸ್ಟೆಡ್ ಲೂಪ್ (ತಿರುಚಿದ ದಾರದ ಕುಣಿಕೆಗಳಿರುವ) ಮೈಕ್ರೋಫೈಬರ್ ಟವೆಲ್. 60×90 ಸೆಂ.ಮೀ. ಅಳತೆಯ, 400 ಜಿಎಸ್‌ಎಂ ವೇಫಲ್ (ಚೌಕ ಚೌಕ ಗುಳಿಗಳ ನೇಯ್ಗೆಯ) ಟವೆಲ್. ಮತ್ತೊಂದು ಶಾಮೋಯ್, ಅಂದರೆ ಒರೆಸಲು ಬಳಸುವ ಮೆತ್ತನೆಯ ಚರ್ಮ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. 50×80 ಎಂದರೆ 0.4 ಚದರ ಮೀಟರ್, ಹಾಗಾಗಿ ಮೊದಲನೆಯದು ಸುಮಾರು 480 ಗ್ರಾಂ ತೂಗಬೇಕು. ವೇಫಲ್ ಸುಮಾರು 216. ಹೊಸ ಟವೆಲನ್ನು ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿ. ಪ್ಯಾಕೆಟ್ ಮೇಲಿನ ಸಂಖ್ಯೆ ನಿಜವೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಸ್ನಾನದ ಹತ್ತಿ ಟವೆಲನ್ನು ಪ್ರಯೋಗಕ್ಕೇ ಸೇರಿಸಲಿಲ್ಲ. ಅದು ನಾರು ಬಿಡುತ್ತದೆ, ಅಂಚಿನ ಹೊಲಿಗೆ ಗಟ್ಟಿ. ಮೈಕ್ರೋಫೈಬರ್‌ನಲ್ಲೂ ಅಂಚು ನೋಡಿಯೇ ಕೊಳ್ಳಬೇಕು: ಮೆತ್ತನೆಯ ಪಟ್ಟಿ ಇರಲಿ, ಇಲ್ಲವೇ ಹೊಲಿಗೆಯೇ ಇಲ್ಲದ ಅಂಚಿರಲಿ. ಕಂಪನಿಯ ಲೇಬಲ್ಲನ್ನು ಮೊದಲೇ ಕತ್ತರಿಸಿ, ಅದರ ಮೊನಚು ಮೂಲೆ ಪೇಂಟಿಗೆ ತಾಗಬಾರದು.

ವಾಶ್ 1: ಶಾಮೋಯ್

ಚರ್ಮವನ್ನು ನೆನೆಸಿ, ಹಿಂಡಿ, ಒರೆಸಿದ್ದು. ನೀರು ಚೆನ್ನಾಗಿಯೇ ತೆಗೆಯಿತು. ತೊಂದರೆ ಇರುವುದು ಅದರ ಮೈಯಲ್ಲಿ. ಶಾಮೋಯ್ ಸಪಾಟು, ಅದಕ್ಕೆ ಎಳೆಗಳ ಆಳ ಇಲ್ಲ. ಸಿಕ್ಕ ಕಣ ಒಳಗೆ ಹೋಗಿ ಅಡಗಲು ಜಾಗವಿಲ್ಲದೆ ಚರ್ಮಕ್ಕೂ ಪೇಂಟಿಗೂ ಮಧ್ಯೆ ಅರೆಯುತ್ತದೆ. ಜೊತೆಗೆ ಹಿಂಡಿದ ಚರ್ಮ ಬಾನೆಟ್‌ಗೆ ಅಂಟಿಕೊಂಡಂತೆ ಎಳೆಯುತ್ತದೆ, ಎಳೆದಷ್ಟೂ ಒತ್ತಡ. ಇನ್ನು ಇದು ಗಾಜಿಗೆ ಮಾತ್ರ.

ವಾಶ್ 2: ಟ್ವಿಸ್ಟೆಡ್ ಲೂಪ್, ಕೆಟ್ಟ ದಿನ

ಪ್ಯಾಕೆಟ್‌ನಿಂದ ತೆಗೆದು ಹಾಗೇ ಬಳಸಿದ್ದಕ್ಕೆ ಟವೆಲ್ ನೀರನ್ನು ಹೀರದೆ ಮುಂದಕ್ಕೆ ತಳ್ಳಿತು. ಕಾರ್ಖಾನೆಯಿಂದ ಬಂದ ಬಟ್ಟೆಯ ಮೇಲೆ ಮೆರುಗಿಗೆ ಹಾಕಿದ ಪಸೆ ಉಳಿದಿರುತ್ತದೆ, ಬಿಡಿ ಎಳೆಗಳೂ ಇರುತ್ತವೆ. ಮೊದಲ ಬಳಕೆಗೆ ಮುಂಚೆ ಒಂದೆರಡು ಸಲ ಒಗೆಯಲೇಬೇಕು.

ಒಗೆಯುವ ವಿಧಾನ: ದ್ರವರೂಪದ ಡಿಟರ್ಜೆಂಟ್ ಸ್ವಲ್ಪ, ನೀರು 40 ಡಿಗ್ರಿ ಮೀರದಂತೆ, ಹತ್ತಿ ಬಟ್ಟೆಗಳಿಂದ ಬೇರೆಯಾಗಿ. ಹತ್ತಿಯ ನಾರು ಲೂಪ್‌ಗಳ ಒಳಗೆ ಸೇರಿಕೊಂಡರೆ ಮುಂದಿನ ವಾಶ್‌ನಲ್ಲಿ ಅದೆಲ್ಲ ಗಾಜಿನ ಮೇಲೆ ಬರುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡವೇ ಬೇಡ: ಅದು ಎಳೆಗಳ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಮೈಕ್ರೋಫೈಬರ್ ನೀರು ಹಿಡಿಯುವುದೇ ಆ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ. ಬ್ಲೀಚ್ ಬೇಡ. ನೆರಳಲ್ಲಿ ಒಣಹಾಕಿದರೆ ಸಾಕು. ಡ್ರೈಯರ್ ಇದ್ದರೆ ಅತಿ ಕಡಿಮೆ ಶಾಖ. ಹೆಚ್ಚು ಶಾಖಕ್ಕೆ ಎಳೆಯ ತುದಿ ಕರಗಿ ಗಡುಸಾಗುತ್ತದೆ, ಆಮೇಲೆ ಎಷ್ಟು ಒಗೆದರೂ ಮೃದುವಾಗದು.

ವಾಶ್ 3: ಅದೇ ಟವೆಲ್, ಒಗೆದ ಮೇಲೆ

ಬೇರೆಯದೇ ಟವೆಲ್ ಅನ್ನುವಷ್ಟು ವ್ಯತ್ಯಾಸ. ಪೂರ್ತಿ ಒಣಗಿದ ಟವೆಲ್ ಮೊದಲ ಪ್ಯಾನೆಲ್‌ನಲ್ಲಿ ಸ್ವಲ್ಪ ಹಿಂಜರಿಯುತ್ತದೆ. ಸ್ಪ್ರೇ ಬಾಟಲಿಯಿಂದ ನಾಲ್ಕೈದು ಸಲ ನೀರು ಸಿಂಪಡಿಸಿ ಶುರುಮಾಡಿದರೆ ತಕ್ಷಣ ಹಿಡಿಯುತ್ತದೆ.

ಕೈ ಚಲನೆಯನ್ನು ಇಲ್ಲಿ ಬದಲಿಸಲಾಯಿತು. ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು, ನಿಮ್ಮ ಕಡೆಗೆ ನಿಧಾನ ಎಳೆಯಿರಿ. ಮೇಲಿಂದ ಅಂಗೈ ಒತ್ತುವುದು ಬೇಡ, ಟವೆಲ್ಲಿನ ತೂಕವೇ ಸಾಕು. ವೃತ್ತಾಕಾರದಲ್ಲಿ ಉಜ್ಜಲೇಬೇಡಿ. ಬಾಗಿಲಿನಂಥ ನಿಂತ ಮೈಗೆ ನಾಲ್ಕು ಮಡಿಕೆ ಮಾಡಿ ಒತ್ತಿ ತೆಗೆಯಿರಿ. ಕ್ರಮ: ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲ್ಭಾಗ. ಬಾಗಿಲಿನ ಕೆಳಗಿನ ಕಾಲುಭಾಗ, ಬಂಪರ್ ತಳ, ಬಾಗಿಲ ಸಂದು, ಚಕ್ರ ಇವಕ್ಕೆ ಹಳೆಯ ಬೇರೆ ಬಟ್ಟೆ. ಅಲ್ಲಿ ಮಣ್ಣು ಉಳಿದೇ ಇರುತ್ತದೆ.

ಒಂದು ಎಚ್ಚರಿಕೆ. ಲೂಪ್ ಟವೆಲ್ ವೈಪರ್ ತೋಳಿಗೆ, ಲೋಗೋದ ಚೂಪು ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದರೆ ಒಂದು ದಾರ ಉದ್ದಕ್ಕೆ ಈಚೆ ಬರುತ್ತದೆ. ಹಾಗಾದರೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಕೈಯಿಂದ ಕೀಳಬೇಡಿ. ಟವೆಲ್ ನೆಲಕ್ಕೆ ಬಿತ್ತೋ, ಆವತ್ತಿಗೆ ಅದರ ಕೆಲಸ ಮುಗಿಯಿತು. ಕೊಡವಿದರೆ ಮರಳಿನ ಕಣ ಹೋಗುವುದಿಲ್ಲ.

ಈ ವಾಶ್‌ನಲ್ಲಿ ಎಡಗಡೆ ಬಾಗಿಲಿಗೆ ಬರುವಷ್ಟರಲ್ಲಿ ಟವೆಲ್ ತುಂಬಿ, ನೀರಿನ ಗೆರೆಗಳನ್ನು ಬಿಡತೊಡಗಿತು. ಹಿಂಡಿದರೂ ಮೊದಲಿನ ಹಾಗೆ ಹೀರಲಿಲ್ಲ.

ವಾಶ್ 4: ನಾಜಲ್ ತೆಗೆದು ನೀರು ಹರಿಸಿದ್ದು

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಇದು, ಖರ್ಚಿಲ್ಲದ್ದೂ ಹೌದು. ಕೊನೆಯ ಜಾಲಿಸುವಿಕೆಗೆ ಹೋಸ್ ಪೈಪಿನ ನಾಜಲ್ ತೆಗೆದಿಟ್ಟು, ನಲ್ಲಿಯನ್ನು ಅರ್ಧ ತಿರುಗಿಸಿ, ಪೈಪಿನ ಬಾಯನ್ನು ಛಾವಣಿಯ ಹತ್ತಿರ ಹಿಡಿದು ನೀರನ್ನು ಸುಮ್ಮನೆ ಹರಿಯಬಿಡುವುದು. ಪೈಪಿನ ಲೋಹದ ತುದಿ ಪೇಂಟಿಗೆ ತಾಗದಂತೆ ಹೆಬ್ಬೆರಳನ್ನು ಅಡ್ಡ ಇಟ್ಟುಕೊಳ್ಳಿ.

ಹತ್ತಿರದಿಂದ ನೋಡಿದರೆ ಇದರ ಗುಟ್ಟು ಕಾಣುತ್ತದೆ. ಸ್ಪ್ರೇ ಮಾಡಿದ ನೀರು ಬಾನೆಟ್ ಮೇಲೆ ನೂರಾರು ಮಣಿಗಳಾಗಿ ಕೂರುತ್ತದೆ, ಅವು ಜಾರಿಹೋಗುವಷ್ಟು ಭಾರವಿಲ್ಲ. ಹರಿಯುವ ನೀರು ಹಾದುಹೋಗುವಾಗ ಪಕ್ಕದ ಮಣಿಯನ್ನು ಮುಟ್ಟುತ್ತದೆ, ಮುಟ್ಟಿದ ಮಣಿ ಅದರೊಳಗೆ ಸೇರಿಕೊಳ್ಳುತ್ತದೆ, ಹಾಳೆಯಂತೆ ಇಡೀ ನೀರು ಅಂಚಿನ ಕಡೆಗೆ ಸರಿಯುತ್ತದೆ. ಹಿಂದೆ ಉಳಿಯುವುದು ಅಲ್ಲೊಂದು ಇಲ್ಲೊಂದು ಹನಿ. ವ್ಯಾಕ್ಸ್ ಅಥವಾ ಕೋಟಿಂಗ್ ಇರುವ ಮೈಯಲ್ಲಿ ಮಾತ್ರ ಹೀಗಾಗುತ್ತದೆ. ಅದು ಸವೆದುಹೋದ ಪೇಂಟ್ ಮೇಲೆ ನೀರು ತೆಳುವಾಗಿ ಹಬ್ಬಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ವ್ಯಾಕ್ಸ್ ಇನ್ನೂ ಇದೆಯೋ ಇಲ್ಲವೋ ನೋಡಲೂ ಇದೇ ಪರೀಕ್ಷೆ.

ಉಳಿದ ಹನಿಗಳ ಮೇಲೆ ಪ್ರತಿ ಪ್ಯಾನೆಲ್‌ಗೆ ಕ್ವಿಕ್ ಡೀಟೇಲರ್ (ಪೇಂಟಿಗೆ ಜಾರಿಕೆ, ಹೊಳಪು ಕೊಡುವ ಸ್ಪ್ರೇ) ಎರಡು ಸಲ ಸಿಂಪಡಿಸಿ ಒರೆಸಿದ್ದು. ಹೋದ ಜಾರಿಕೆ ಇದರಿಂದ ಸ್ವಲ್ಪ ವಾಪಸ್ ಬರುತ್ತದೆ. ಹೆಚ್ಚು ಹಾಕಿದರೆ ಗಾಜಿನ ಮೇಲೆ ಮಂಜು ಹಿಡಿದಂತಾಗುತ್ತದೆ, ವಿಂಡ್‌ಸ್ಕ್ರೀನ್ ಬಿಟ್ಟುಬಿಡಿ. ಇಡೀ ಕಾರು ಒಂದೇ ಟವೆಲ್ಲಿನಲ್ಲಿ ಮುಗಿಯಿತು, ಗೆರೆ ಬರಲಿಲ್ಲ.

ಹೊತ್ತು ಮುಖ್ಯ. ಬಿಸಿಲಲ್ಲಿ ಬಾನೆಟ್ ಕಾದಿದ್ದರೆ ಹನಿಯೊಳಗಿನ ನೀರು ಆವಿಯಾಗಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ ಉಂಗುರದ ಆಕಾರದಲ್ಲಿ ಉಳಿಯುತ್ತದೆ. ಮುಂಗೈಯನ್ನು ಲೋಹದ ಮೇಲಿಟ್ಟು ನೋಡಿ, ಬೆಚ್ಚಗಿದ್ದರೆ ಆರುವವರೆಗೆ ಕಾಯಿರಿ. ಹೊಸ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ ಒಂದೆರಡು ನಿಮಿಷ ಕಲೆಯ ಮೇಲಿಟ್ಟು, ಚೆನ್ನಾಗಿ ತೊಳೆಯಿರಿ. ಆ ಜಾಗದ ವ್ಯಾಕ್ಸ್ ಹೋಗಬಹುದು, ಮತ್ತೆ ಹಾಕಬೇಕು. ಉಗುರಿಗೆ ಕುಳಿಯಂತೆ ತಾಗುವ ಹಳೆಯ ಕಲೆಗೆ ವಿನೆಗರ್ ಸಾಲದು, ಅದು ಕ್ಲಿಯರ್ ಕೋಟನ್ನೇ (ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ) ತಿಂದಿದೆ, ಪಾಲಿಶ್ ಬೇಕು.

ವಾಶ್ 5: ವೇಫಲ್ ಮತ್ತು ಬ್ಲೋವರ್

ವೇಫಲ್ ಟವೆಲ್ ಗಾಜಿಗೆ ಅತ್ಯುತ್ತಮ, ಬೇಗ ಒಣಗುತ್ತದೆ, ಹಿಂಡುವುದು ಸುಲಭ. ತೆಳುವಾದ್ದರಿಂದ ಪೇಂಟಿಗೆ ಮೊದಲ ಆಯ್ಕೆಯಾಗಿ ಇಡಲಾರೆ.

ಕಾರು ಒರೆಸಿ ಹತ್ತು ನಿಮಿಷದ ಮೇಲೆ ಮಿರರ್‌ನ ಅಡಿಯಿಂದ ಒಂದು ಹನಿ ಇಳಿದು ಬಾಗಿಲ ಮೇಲೆ ಗೆರೆ ಎಳೆಯುವುದು ಎಲ್ಲ ವಾಶ್‌ನಲ್ಲೂ ನಡೆದಿತ್ತು. ಟವೆಲ್ ಮುಟ್ಟಲಾಗದ ಜಾಗ ಅದು. ಈ ಸಲ ಒರೆಸುವ ಮೊದಲೇ ಬ್ಲೋವರ್ (ಜೋರಾಗಿ ಗಾಳಿ ಊದುವ ಯಂತ್ರ) ಹಿಡಿದದ್ದು: ಮಿರರ್ ಸಂದು, ಬಾಗಿಲ ಹಿಡಿಕೆ, ಪೆಟ್ರೋಲ್ ಮುಚ್ಚಳ, ಗ್ರಿಲ್, ನಂಬರ್ ಪ್ಲೇಟ್ ಹಿಂಬದಿ, ಟೇಲ್ ಲ್ಯಾಂಪ್ ಅಂಚು, ಚಕ್ರದ ನಟ್ಟುಗಳು. ಗಾಳಿ ಎಳೆದುಕೊಳ್ಳುವ ಕಡೆ ಫಿಲ್ಟರ್ ಇರಬೇಕು, ಇಲ್ಲದಿದ್ದರೆ ನೆಲದ ದೂಳನ್ನೇ ಪೇಂಟಿಗೆ ಎರಚಿದಂತೆ. ಬಾಯಿಗೆ ರಬ್ಬರ್ ಇರಲಿ. ಹನಿ ಬಾಗಿಲ ಮೇಲೆ ಇಳಿಯಲಿಲ್ಲ, ಒಂದನ್ನು ಬಿಟ್ಟು: ಬಲಗಡೆ ಮಿರರ್‌ನ ಗಾಜನ್ನು ಒಳಕ್ಕೆ ಓರೆ ಮಾಡಿದರೆ ಹಿಂದೆ ಇನ್ನೂ ನೀರಿತ್ತು. ಮುಂದಿನ ಸಲ ಮಿರರನ್ನು ಮಡಚಿ, ಮತ್ತೆ ಬಿಡಿಸಿ, ಎರಡೂ ಸ್ಥಿತಿಯಲ್ಲಿ ಊದಿ ನೋಡಬೇಕು.

ಎಲ್ಲ ಮುಗಿದ ಮೇಲೆ ಕಾರನ್ನು ಸ್ವಲ್ಪ ದೂರ ಓಡಿಸಿ, ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಹಾಕಿ ನಿಲ್ಲಿಸಿದ್ದು. ಡಿಸ್ಕ್ ಮೇಲಿನ ನೀರನ್ನು ಟವೆಲ್ ತೆಗೆಯಲಾರದು. ಹಾಗೇ ಬಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕಿನ ತೆಳು ಪದರ ಕೂರುತ್ತದೆ.